ಕೀರ್ತನೆ ಹಾಡಿದ್ದು ಅವರು, ಉರಿದದ್ದು ನನ್ನ ಹೊಟ್ಟೆ

ಓದುಗರ ಪ್ರಶ್ನೆ, ಟೀಚರಮ್ಮನ ಉತ್ತರ

ಹೋದ ಸಂಚಿಕೆಯ ಕೊನೆಯಲ್ಲಿ ಜಾಗ ಉಳಿದಿತ್ತು ಅಂತ ಹೊಟ್ಟೆಕಿಚ್ಚಿನ ಬಗ್ಗೆ ಒಂದು ಸಾಲು ಬರೆದಿದ್ದೆ: "ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಗೆ ಬಂದಾಗ ಯಾರ ಮುಖ ಕಂಡರೆ ನೀವು ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸ್ತೀರಿ?" ಅಷ್ಟಕ್ಕೆ ಇಷ್ಟೊಂದು ಕಾಗದ ಬರುತ್ತೆ ಅಂತ ಸಂಪಾದಕರೂ ಅಂದುಕೊಂಡಿರಲಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯವರು ಬರೆದಿದ್ದೀರಿ. ಬರೆದವರೆಲ್ಲ ಭಾನುವಾರ ತಪ್ಪಿಸದವರು, ಜಪಸರ ಬಿಡದವರು. ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಿಸಿದ್ದೇನೆ. ಆಮೇಲೂ "ಇದು ನಮ್ಮ ಪಕ್ಕದ ಮನೆಯವರದ್ದೇ" ಅನ್ನಿಸಿದರೆ ನಾನೇನೂ ಮಾಡಲಾರೆ. ಪಕ್ಕದ ಮನೆ ಎಲ್ಲ ಊರಲ್ಲೂ ಇರುತ್ತೆ.

ಟೀಚರ್, ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಮ್ಮ ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಿದ್ದೇನೆ. ಕೀಬೋರ್ಡ್ ಇಲ್ಲದ ಕಾಲದಲ್ಲಿ ಹಾರ್ಮೋನಿಯಂ ಹೊತ್ತು ತಂದವಳು ನಾನೇ. ಹಾಡುಗಳನ್ನೆಲ್ಲ ನೋಟ್ ಬುಕ್ಕಿನಲ್ಲಿ ಬರೆದು, ಪಲ್ಲವಿಗೆ ಕೆಂಪು ಶಾಯಿ, ಚರಣಕ್ಕೆ ನೀಲಿ ಶಾಯಿ ಹಾಕಿ ಇಟ್ಟಿದ್ದೇನೆ. ಎರಡು ವರ್ಷದ ಹಿಂದೆ ಎಸ್ಟೇಟಿಗೆ ಹೊಸ ಮ್ಯಾನೇಜರ್ ಬಂದರು, ಅವರ ಹೆಂಡತಿ ಮಂಗಳೂರಿನವರು, ಸಂಗೀತ ಕಲಿತವರು. ಕ್ರಿಸ್ಮಸ್ ರಾತ್ರಿಯ ಪೂಜೆಯಲ್ಲಿ ಹಾಡುವ ಬೈಬಲಿನ ಕೀರ್ತನೆ ಯಾವಾಗಲೂ ನನ್ನದು. ಈ ಸಲ ಫಾದರ್ ಅವರಿಗೆ ಕೊಟ್ಟರು. ನನಗೆ ಒಂದು ಮಾತು ಹೇಳಲಿಲ್ಲ, ನೋಟಿಸ್ ಬೋರ್ಡಿನಲ್ಲಿ ನೋಡಿ ತಿಳಿದುಕೊಂಡೆ. ಆ ರಾತ್ರಿ ಅವರು ಹಾಡುವಾಗ "ಮೈಕ್ ಕೀರಲಿ ದೇವರೇ" ಅಂತ ಬೇಡಿಕೊಂಡೆ. ಪೂಜೆಯಲ್ಲಿ! ಪರಮಪ್ರಸಾದಕ್ಕೆ ಏಳಲು ಕಾಲೇ ಬರಲಿಲ್ಲ. ಈಗಲೂ ಜಪಸರ ಹಿಡಿದರೆ ಆ ಬೋರ್ಡೇ ಕಣ್ಣ ಮುಂದೆ ಬರುತ್ತೆ. ತಂಡ ಬಿಟ್ಟುಬಿಡಲಾ?
– ಮೂಡಿಗೆರೆ ತಾಲ್ಲೂಕಿನ ಸಹೋದರಿ

ಬಿಡಬೇಡಿ. ಈಗ ಬಿಟ್ಟರೆ ಹಾಡು ಅಲ್ಲೇ ಉಳಿಯುತ್ತೆ, ಉರಿ ಮಾತ್ರ ನಿಮ್ಮ ಜೊತೆ ಮನೆಗೆ ಬರುತ್ತೆ.

ನಿಮ್ಮ ಕಾಗದದಲ್ಲಿ ಎರಡು ಸಂಗತಿ ಒಂದಕ್ಕೊಂದು ಸಿಕ್ಕಾಗಿವೆ. ಇಷ್ಟು ವರ್ಷ ಹಾಡಿದವರಿಗೆ ಒಂದು ಮಾತು ತಿಳಿಸದೆ ಬೋರ್ಡಿಗೆ ಹೆಸರು ಹಚ್ಚಿದ್ದು ಸರಿಯಲ್ಲ. ಅದರಿಂದ ನಿಮಗೆ ಬೇಜಾರಾದರೆ ಅದಕ್ಕೆ ಹೊಟ್ಟೆಕಿಚ್ಚು ಅನ್ನಬೇಕಿಲ್ಲ, ಯಾರಿಗಾದರೂ ಬೇಜಾರಾಗುತ್ತೆ. ಆದರೆ ಆ ಹೆಣ್ಣುಮಗಳು ಎಲ್ಲರೆದುರು ಅವಮಾನಪಡಲಿ ಅಂತ ಬೇಡಿಕೊಂಡಿರಲ್ಲ, ಅದು ಹೊಟ್ಟೆಕಿಚ್ಚೇ. ಮೊದಲನೆಯದನ್ನು ಹೇಳಬೇಕಾದದ್ದು ಫಾದರ್‌ಗೆ, ಎರಡನೆಯದನ್ನು ದೇವರಿಗೆ. ನಾವು ಮಾಡುವುದು ಉಲ್ಟಾ. ಫಾದರ್ ಮೇಲಿನ ದೂರನ್ನು ರಾತ್ರಿಯೆಲ್ಲ ದೇವರಿಗೆ ಒಪ್ಪಿಸ್ತೀವಿ, ಆ ಹೆಂಗಸಿನ ಮೇಲಿನ ಕಿಚ್ಚನ್ನು ಹಿತ್ತಿಲ ಬೇಲಿ ಹತ್ತಿರ ನಿಂತು ಊರಿಗೆ ಹಂಚ್ತೀವಿ. ಇವೆರಡನ್ನು ಬಿಡಿಸದೆ ಇಟ್ಟಷ್ಟು ದಿನ ನೋವಿನ ಹೆಸರಲ್ಲಿ ಕಿಚ್ಚು ಊಟ ಮಾಡುತ್ತಲೇ ಇರುತ್ತೆ. "ನನಗೆ ಅನ್ಯಾಯ ಆಗಿದೆ" ಅನ್ನೋ ಮಾತು ನಿಜವಾಗಿರುವುದರಿಂದಲೇ ಅದರ ಹಿಂದೆ ಏನು ಬೇಕಾದರೂ ಅಡಗಿ ಕೂರಬಹುದು. ದೇವಭಕ್ತರ ಹೊಟ್ಟೆಕಿಚ್ಚು ಬರಿಮೈಯಲ್ಲಿ ಬರುವುದೇ ಇಲ್ಲ. ನ್ಯಾಯದ್ದೋ ಸಂಪ್ರದಾಯದ್ದೋ ಒಂದು ಶಾಲು ಹೊದ್ದೇ ಬರುತ್ತೆ.

ಫಾದರ್ ಹತ್ತಿರ ಹೋಗಿ. ಭಾನುವಾರ ಪೂಜೆ ಮುಗಿದ ತಕ್ಷಣ ಹತ್ತು ಜನ ನಿಂತಿರುವಾಗ ಬೇಡ, ವಾರದ ಮಧ್ಯೆ ಒಂದು ಸಂಜೆ ಹೋಗಿ. ಆಕೆಯ ಹೆಸರು ಎತ್ತಬೇಡಿ. "ಫಾದರ್, ಕೀರ್ತನೆ ಯಾರು ಹಾಡಿದರೂ ಸರಿ, ನನಗೆ ಮೊದಲೇ ಒಂದು ಮಾತು ಹೇಳಬೇಕಿತ್ತು, ಬೋರ್ಡಿನಲ್ಲಿ ನೋಡಿ ನೋವಾಯ್ತು." ಇಷ್ಟೇ. "ಹೌದಮ್ಮ, ಮರೆತೆ" ಅಂದರೆ ಮುಗೀತು. ಅನ್ನದಿದ್ದರೂ ನಿಮ್ಮ ಕಡೆಯಿಂದ ಮುಗೀತು. ಮತ್ತೆ ಅದನ್ನು ಎತ್ತಬೇಡಿ. (ಈ ಅಂಕಣವನ್ನು ಕೆಲವು ಫಾದರ್‌ಗಳು ಓದ್ತಾರೆ ಅಂತ ಗೊತ್ತು. ಸ್ವಾಮಿ, ಯಾವ ಹಬ್ಬಕ್ಕೆ ಯಾರು ಹಾಡಬೇಕು, ಯಾರು ವಾಚನ ಓದಬೇಕು ಅಂತ ವರ್ಷದ ಆರಂಭದಲ್ಲೇ ಒಂದು ಸರದಿ ಪಟ್ಟಿ ಮಾಡಿ. ನಿಮ್ಮ ಅರ್ಧ ತಲೆನೋವು ಅಲ್ಲೇ ಇಳಿಯುತ್ತೆ.)

ಇನ್ನು ಆ ಮೈಕಿನ ವಿಷಯ. ಬೈಬಲಿನ ಸಮುವೇಲನ ಮೊದಲನೆಯ ಗ್ರಂಥದಲ್ಲಿ ರಾಜ ಸೌಲ ಮತ್ತು ಅವನ ಸೈನ್ಯದ ಯುವಕ ದಾವೀದನ ಕಥೆ ನೀವು ಓದಿಯೇ ಇರ್ತೀರಿ. ಯುದ್ಧ ಗೆದ್ದು ಬರುವಾಗ ಹೆಂಗಸರು ಕುಣಿಯುತ್ತ ಹಾಡಿದರು: ಸೌಲ ಕೊಂದದ್ದು ಸಾವಿರ, ದಾವೀದ ಕೊಂದದ್ದು ಹತ್ತು ಸಾವಿರ. ಹಾಡಿನಲ್ಲಿ ಸೌಲನ ಹೆಸರೂ ಇತ್ತು, ಮೊದಲು ಬಂದದ್ದೂ ಅವನದೇ. ಆದರೆ ಅವನಿಗೆ ಕೇಳಿಸಿದ್ದು ಲೆಕ್ಕ ಮಾತ್ರ. ಅಂದಿನಿಂದ ದಾವೀದನ ಮೇಲೆ ಅವನ ಕಣ್ಣು ಬಿತ್ತು. ನನಗೆ ಈ ಕಥೆಯಲ್ಲಿ ಹೆಚ್ಚು ಕಾಡುವುದು ಅದಕ್ಕಿಂತ ಎರಡು ಅಧ್ಯಾಯ ಹಿಂದಿನ ಸಂಗತಿ. ಸೌಲನ ಮನಸ್ಸು ಕೆಟ್ಟಾಗ ಯಾರ ಕಿನ್ನರಿ ಕೇಳಿ ಅವನಿಗೆ ನೆಮ್ಮದಿ ಆಗುತ್ತಿತ್ತು? ಇದೇ ದಾವೀದನದು. ಆಮೇಲೆ ಅವನು ಈಟಿ ಎಸೆದದ್ದೂ ದಾವೀದ ಕಿನ್ನರಿ ನುಡಿಸುತ್ತಾ ಕೂತಿದ್ದಾಗಲೇ. ತನ್ನ ರೋಗಕ್ಕೆ ದೇವರು ಕಳಿಸಿದ ಮದ್ದನ್ನೇ ಗೋಡೆಗೆ ನೆಡಲು ಹೋದ ರಾಜ ಅವನು.

ಹಾಗೆ ನೋಡಿದರೆ ಕ್ರಿಸ್ಮಸ್ ರಾತ್ರಿ ಹಾಡುವುದು 96ನೇ ಕೀರ್ತನೆ. ಪ್ರಭುವಿಗೆ ಹೊಸ ಗೀತೆ ಹಾಡಿ, ಇಡೀ ಭೂಮಂಡಲವೇ ಹಾಡಲಿ ಅನ್ನುತ್ತೆ ಅದು. ಇಡೀ ಭೂಮಂಡಲಕ್ಕೆ ಜಾಗ ಇರುವ ಹಾಡಿನಲ್ಲಿ ಒಬ್ಬ ಮ್ಯಾನೇಜರ್ ಹೆಂಡತಿಗೆ ಜಾಗ ಇಲ್ಲವೇ? ನೀವೂ ಆ ಚರ್ಚಿಗೆ ಮದುವೆಯಾಗಿ ಬಂದವರೇ. ನೀವು ಬಂದ ವರ್ಷ ಹಾರ್ಮೋನಿಯಂ ಮುಂದೆ ಯಾರು ಕೂರುತ್ತಿದ್ದರು, ನಿಮ್ಮ ಧ್ವನಿ ಕೇಳಿ ಅವರಿಗೆ ಹೇಗಾಗಿತ್ತು ಅಂತ ಯಾವಾಗಲಾದರೂ ಯೋಚಿಸಿದ್ದೀರಾ? ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?

ಉರಿ ತಾನಾಗಿ ಆರಲಿ ಅಂತ ಕಾಯಬೇಡಿ. ಬಾಲ ಯೇಸುವಿನ ಸಂತ ತೆರೇಸಾಳ ಮುಖ ನೆನಪಿದೆಯಲ್ಲ, ಕೈತುಂಬ ಗುಲಾಬಿ ಹಿಡಿದವಳು. ಆ ಗುಲಾಬಿ ನೋಡಿ ಅವಳ ಬದುಕು ಸಲೀಸಾಗಿತ್ತು ಅಂದುಕೊಳ್ತೀವಿ. 1888ರಲ್ಲಿ, ಹದಿನೈದನೆಯ ವಯಸ್ಸಿಗೆ, ಫ್ರಾನ್ಸಿನ ಲಿಸಿಯೂ ಊರಿನ ಕಾರ್ಮೆಲ್ ಮಠ ಸೇರಿದಳು. 1897ರಲ್ಲಿ ಸಾಯುವವರೆಗೆ ಅದೇ ನಾಲ್ಕು ಗೋಡೆ, ಅವೇ ಮುಖಗಳು. ಅಲ್ಲಿ ಒಬ್ಬ ಸಹೋದರಿಯ ಮಾತು, ನಡತೆ, ಎಲ್ಲವೂ ಇವಳಿಗೆ ಮೈ ಉರಿ. ತೆರೇಸಾ ಮಾಡಿದ್ದು ಇಷ್ಟು: ಎದುರಾದಾಗಲೆಲ್ಲ ಆಕೆಗಾಗಿ ಪ್ರಾರ್ಥಿಸಿದಳು, ಸಿಕ್ಕ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟಳು, ಎದುರುತ್ತರ ಬಾಯಿಗೆ ಬಂದಾಗ ಮುಗುಳ್ನಕ್ಕಳು, ತೀರಾ ತಡೆಯಲಾಗದಿದ್ದರೆ ಅಲ್ಲಿಂದ ಕಾಲು ಕಿತ್ತಳು. ಕೊನೆಗೊಂದು ದಿನ ಆ ಸಹೋದರಿಯೇ ಕೇಳಿದಳಂತೆ, ನನ್ನಲ್ಲಿ ಅಂಥದ್ದೇನು ಕಂಡೆ, ನೋಡಿದಾಗಲೆಲ್ಲ ನಗ್ತೀಯಲ್ಲ ಅಂತ. ಒಳಗಿನ ಅಸಹನೆ ಹೋಯಿತು ಅಂತ ತೆರೇಸಾ ಎಲ್ಲೂ ಬರೆದಿಲ್ಲ. ಕಾಲು ಕಿತ್ತ ವಿಷಯ ಮಾತ್ರ ಮುಚ್ಚಿಡದೆ ಬರೆದಿದ್ದಾಳೆ. ಅದಕ್ಕೇ ಅವಳನ್ನು ನಂಬ್ತೀನಿ.

ನಿಮಗೂ ಒಂದು ಕೆಲಸ ಹೇಳ್ತೀನಿ, ಬೈಕೋಬೇಡಿ. ಆ ನೋಟ್ ಬುಕ್ಕಿನಲ್ಲಿ ಮಂಗಳೂರಿನಿಂದ ಬಂದವರಿಗೆ ಗೊತ್ತಿಲ್ಲದ ಹಳೆಯ ಕನ್ನಡ ಹಾಡುಗಳು ಖಂಡಿತ ಇರುತ್ತವೆ. ನಿಮಗೆ ಅತಿ ಪ್ರಿಯವಾದ ಒಂದನ್ನು ಆರಿಸಿ ಅವರಿಗೆ ಕಲಿಸಿಕೊಡಿ. ಸುಮಾರಾದ ಹಾಡು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ, ಒಳ್ಳೆಯದನ್ನೇ ಕೊಡಬೇಕು. ಕೊಡುವಾಗ ಕೈ ನಡುಗುತ್ತೆ. ನಡುಗಲಿ.

ಪರಮಪ್ರಸಾದಕ್ಕೆ ಏಳದೆ ಕೂತದ್ದು ಆ ರಾತ್ರಿಯ ಮಟ್ಟಿಗೆ ತಪ್ಪೇನಲ್ಲ, ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗು ಅಂತ ಯೇಸುಸ್ವಾಮಿಯೇ ಮತ್ತಾಯನ ಐದನೇ ಅಧ್ಯಾಯದಲ್ಲಿ ಹೇಳಿದ್ದಾರೆ. ಆದರೆ ಬಿಟ್ಟು ಬಾ ಅಂದಷ್ಟೇ ಅಲ್ಲ, ಆಮೇಲೆ ಬಂದು ಅರ್ಪಿಸು ಅಂತಲೂ ಅಂದಿದ್ದಾರೆ. ಕ್ರಿಸ್ಮಸ್ ಕಳೆದು ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತು. ಬರುವ ಭಾನುವಾರ ಶಾಂತಿ ಕೋರುವ ಹೊತ್ತಿಗೆ ಹಿಂದಿನ ಬೆಂಚಿನವರಿಗೆ, ಬಾಗಿಲ ಹತ್ತಿರದವರಿಗೆಲ್ಲ ಕೈಮುಗಿದು ಮುಗಿದ ಮೇಲೆ ಕೊನೆಗೆ ಆಕೆಯ ಕಡೆ ತಿರುಗ್ತೀರಲ್ಲ, ಅದನ್ನು ಬದಲಿಸಿ. ಮೊದಲು ಆಕೆಯ ಕಡೆಗೇ ತಿರುಗಿ.

ಹೊಟ್ಟೆಕಿಚ್ಚು ಮಾರಕ ಪಾಪವೇ? ಪ್ರತಿ ಸಲ ಪಾಪನಿವೇದನೆಯಲ್ಲಿ ಹೇಳ್ತೀನಿ, ಪ್ರತಿ ಸಲ ಮತ್ತೆ ಬರುತ್ತೆ.
– ಹೆಸರು ಬೇಡ, ಹಾಸನ

ಮನಸ್ಸಿಗೆ ಚುಚ್ಚಿದ ಮಾತ್ರಕ್ಕೆ ಮಾರಕವಲ್ಲ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ 2539ನೇ ಸಂಖ್ಯೆಯಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೆ: ಇನ್ನೊಬ್ಬರಿಗೆ ಇರುವ ಒಳ್ಳೆಯದನ್ನು ಕಂಡು ದುಃಖಪಡುವುದು, ಅದು ಹೇಗಾದರೂ ತನಗೇ ಬೇಕೆಂದು ಆಸೆಪಡುವುದು ಹೊಟ್ಟೆಕಿಚ್ಚು, ಅವರಿಗೆ ಘೋರವಾದ ಕೇಡಾಗಲಿ ಎಂದು ಬಯಸಿದರೆ ಅದು ಮಾರಕ ಪಾಪ.

ಒಂದು ಸ್ವಾರಸ್ಯ. ನಾಲ್ಕನೇ ಶತಮಾನದಲ್ಲಿ ಮರಳುಗಾಡಿನ ಸನ್ಯಾಸಿ ಎವಾಗ್ರಿಯಸ್ ಮನಸ್ಸು ಕೆಡಿಸುವ ಎಂಟು ಆಲೋಚನೆಗಳ ಪಟ್ಟಿ ಮಾಡಿದ. ಹೊಟ್ಟೆಬಾಕತನ ಇದೆ, ಸಿಟ್ಟು ಇದೆ, ಹೊಟ್ಟೆಕಿಚ್ಚು ಇಲ್ಲ. ಗುಹೆಯಲ್ಲಿ ಒಬ್ಬೊಬ್ಬರೇ ಇದ್ದವರು ಯಾರನ್ನು ನೋಡಿ ಉರಿಯಬೇಕು ಅಂತ ನಾನು ತಮಾಷೆಗೆ ಅಂದುಕೊಳ್ತೀನಿ. ಆರನೇ ಶತಮಾನದ ಕೊನೆಗೆ ರೋಮಿನ ಪೋಪ್ ಸಂತ ಗ್ರೆಗೊರಿ ಅದನ್ನು ಏಳು ಪ್ರಧಾನ ಪಾಪಗಳ ಸಾಲಿಗೆ ಸೇರಿಸಿದರು. ಅವರು ಜನರ ನಡುವೆ ಇದ್ದು ಸಭೆ ನಡೆಸಿದವರು. ಅದರ ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳ ಹೆಸರನ್ನೂ ಬರೆದರು: ದ್ವೇಷ, ಪಿಸುಮಾತು, ಚಾಡಿ, ಇನ್ನೊಬ್ಬರು ಬಿದ್ದಾಗ ಖುಷಿ, ಎದ್ದಾಗ ಸಂಕಟ. ನಮ್ಮ ಚರ್ಚ್ ಅಂಗಳಕ್ಕೆ ಒಂದು ಭಾನುವಾರ ಬಂದು ಹೋದವರ ಹಾಗೆ ಬರೆದಿದ್ದಾರೆ.

ನಿಮ್ಮ ಪಾಪನಿವೇದನೆ ಹೇಗಿರುತ್ತೆ ಅಂತ ಊಹಿಸಬಲ್ಲೆ. "ಫಾದರ್, ನನಗೆ ಅವಳ ಮೇಲೆ ಹೊಟ್ಟೆಕಿಚ್ಚು, ಯಾಕಂದ್ರೆ ಅವಳು..." ಅಂತ ಶುರುವಾಗಿ ಉಳಿದ ಹೊತ್ತೆಲ್ಲ ಅವಳ ಪಾಪ ಹೇಳ್ತೀರಿ. ಈ ಸಲ 'ಯಾಕಂದ್ರೆ' ಬರುವ ಮೊದಲೇ ನಿಲ್ಲಿಸಿ. "ಅವರ ಮಗ ಪರೀಕ್ಷೆಯಲ್ಲಿ ಫೇಲಾದ ಅಂತ ಕೇಳಿ ನನಗೆ ಒಳಗೊಳಗೇ ಹಿತವಾಯ್ತು" ಅಂತ ಮಾಡಿದ್ದನ್ನು ಮಾಡಿದ ಹಾಗೆ ಹೇಳಿ. ನಾಚಿಕೆಯಾಗುತ್ತೆ. ಬರೀ 'ಹೊಟ್ಟೆಕಿಚ್ಚು' ಅಂತ ಹೇಳಿ ಬರುವಾಗ ಯಾರಿಗೂ ನಾಚಿಕೆಯಾಗುವುದಿಲ್ಲ.

ಟೀಚರ್, ನಾನು ಹಿರಿಯ ಮಗ. ಅಪ್ಪ ತೀರಿಕೊಂಡ ಮೇಲೆ ತೋಟ ಸಮಪಾಲಾಯಿತು, ನಡುವೆ ಬರೀ ಒಂದು ಬೇಲಿ. ತಮ್ಮ ಕುಡೀತಾನೆ, ಈಸ್ಟರಿಗೂ ಕ್ರಿಸ್ಮಸ್ಸಿಗೂ ಮಾತ್ರ ಚರ್ಚು. ಸಾಲ ಮಾಡಿ ಇಂಜಿನ್, ಸ್ಪ್ರಿಂಕ್ಲರ್ ತಂದ, ನಾನು ಬೇಡ ಅಂದೆ. ನಾನು ಪ್ರತಿ ಭಾನುವಾರ ಪೂಜೆಗೆ ಹೋಗ್ತೀನಿ, ತಾಯಿಯನ್ನು ನೋಡಿಕೊಂಡವನೂ ನಾನೇ. ಹೋದ ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟಿತು. ಈ ಸಲ ಕುಯ್ಲಿನಲ್ಲಿ ಅವನ ಕಣದಲ್ಲಿ ರೊಬಸ್ಟಾ ಕಾಫಿ ಕಾಲಿಡಲು ಜಾಗ ಇಲ್ಲದಷ್ಟು, ನನ್ನ ಕಣದಲ್ಲಿ ಕೋಳಿ ಕೆದಕುತ್ತಿತ್ತು. ಇಂಥ ರೇಟಿರುವಾಗ! ದೇವರು ಯಾರ ಕಡೆ? ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ಅವನ ಕಣವೇ ಕಾಣುತ್ತೆ.
– ಸಕಲೇಶಪುರ ಕಡೆಯ ಬೆಳೆಗಾರ

ದೇವರು ಯಾರ ಕಡೆ ಅಂತ ಆಮೇಲೆ ನೋಡೋಣ. ಇಂಜಿನ್ ಯಾರ ಕಡೆ ಇತ್ತು ಅಂತ ನಿಮ್ಮ ಕಾಗದದಲ್ಲೇ ಇದೆ.

ನಾನು ತೋಟದವಳಲ್ಲ, ಆದರೆ ಚಿಕ್ಕಮಗಳೂರಿನಲ್ಲಿ ಇಷ್ಟು ವರ್ಷ ಪಾಠ ಹೇಳಿದವಳಿಗೆ ಮಕ್ಕಳ ಅಪ್ಪಂದಿರಿಂದ ಇಷ್ಟಾದರೂ ಗೊತ್ತಾಗಿದೆ: ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬೀಳದಿದ್ದರೆ ರೊಬಸ್ಟಾ ಮೊಗ್ಗು ಅರಳುವುದಿಲ್ಲ. ಅರಳಿದ ಮೇಲೆ ಇನ್ನೊಂದು ಮಳೆ ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. ಮಳೆ ನಂಬಿ ಕೂರಲಾಗದವರು ಸ್ಪ್ರಿಂಕ್ಲರ್ ಹಾಕ್ತಾರೆ. ನಿಮ್ಮ ತಮ್ಮ ಹಾಕಿದ, ಹೂ ಬಂತು. ನೀವು ಕಾದಿರಿ, ಬರಲಿಲ್ಲ. ಇದರಲ್ಲಿ ದೇವರ ಪಕ್ಷಪಾತ ಎಲ್ಲಿಂದ ಬಂತು? ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುವವನು ದೇವರು ಅಂತ ಸುವಾರ್ತೆಯಲ್ಲಿ ಓದಿದ್ದೇವೆ. ಸುರಿಸದೇ ಇದ್ದದ್ದೂ ಇಬ್ಬರ ಮೇಲೂ ತಾನೇ?

ಸಿಟ್ಟು ಮಾಡಿಕೊಳ್ಳಬೇಡಿ. ಹೊಟ್ಟೆಕಿಚ್ಚಿನ ಚಾಳಿ ಹೀಗೇ. ಎದುರಿನವನ ದುಡಿಮೆ, ಅವನ ಸಾಲ, ರಾತ್ರಿ ಎದ್ದು ಪೈಪು ಬದಲಿಸಿದ್ದು, ಯಾವುದೂ ಕಾಣುವುದಿಲ್ಲ, ಕಣ ಮಾತ್ರ ಕಾಣುತ್ತೆ. ನಮ್ಮ ಕಡೆ ನೋಡಿಕೊಂಡಾಗ ಪೂಜೆ, ತಾಯಿಯ ಸೇವೆ, ಕುಡಿಯದೇ ಇದ್ದದ್ದು ಎಲ್ಲವೂ ಸಾಲಾಗಿ ಬಿಲ್ಲಿನ ಹಾಗೆ ಕಾಣುತ್ತೆ. ತಾಯಿಯನ್ನು ನೋಡಿಕೊಂಡದ್ದು ದೊಡ್ಡ ಮಾತು, ಅದನ್ನು ಚಿಕ್ಕದು ಮಾಡುತ್ತಿಲ್ಲ. ಆದರೆ ತಾಯಿಗೆ ಗಂಜಿ ಕುಡಿಸಿದ್ದಕ್ಕೆ ದೇವರು ರೊಬಸ್ಟಾದಲ್ಲಿ ಕೂಲಿ ಕೊಡ್ತಾನೆ ಅಂತ ನಿಮಗೆ ಯಾರು ಹೇಳಿದರು?

ಪಾಲು ಹಾಳು ಮಾಡಿ ಮರಳಿದ ಕಿರಿಯವನಿಗೆ ಅಪ್ಪ ಔತಣ ಮಾಡಿಸಿದ, ಹಿರಿಯವನು ಮುನಿಸಿಕೊಂಡು ಹೊರಗೇ ನಿಂತ ಆ ಪೋಲಿ ಮಗನ ಕಥೆಯನ್ನು ನಿಮಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ, ಹಿರಿಯ ಮಕ್ಕಳಿಗೆಲ್ಲ ಆ ಪ್ರಸಂಗ ಕೇಳಿದರೆ ಮುಳ್ಳಿನ ಮೇಲೆ ಕೂತ ಹಾಗಿರುತ್ತೆ. ಆದರೆ ಲೂಕನ ಹದಿನೈದನೇ ಅಧ್ಯಾಯದಲ್ಲಿ ಕಥೆ ಶುರುವಾಗುವ ಜಾಗ ನೋಡಿ. ಅಪ್ಪ ಆಸ್ತಿಯನ್ನು ಇಬ್ಬರಿಗೂ ಹಂಚಿದ. ಹಿರಿಯವನ ಪಾಲು ಅಂದೇ ಗೊತ್ತಾಗಿತ್ತು. ಮೋಶೆಯ ಧರ್ಮಶಾಸ್ತ್ರದಂತೆ ಚೊಚ್ಚಲ ಮಗನಿಗೆ ಎರಡು ಪಾಲು, ಅಂದರೆ ತಮ್ಮನಿಗೆ ಸಿಕ್ಕಿದ್ದರ ದುಪ್ಪಟ್ಟು. ಅಷ್ಟಿದ್ದೂ ಸಂಜೆ ಹೊಲದಿಂದ ಬಂದವನು ನಿಂತು ಲೆಕ್ಕ ಹಾಕಿದ್ದು ಅಪ್ಪ ತನಗೆ ಎಂದೂ ಕೊಡದ ಒಂದು ಆಡಿನ ಮರಿಯದ್ದು. ಅಪ್ಪ ಅವನಿಗಾಗಿ ಹೊರಗೆ ಬಂದು ಬೇಡಿಕೊಂಡ. ಅವನು ಒಳಗೆ ಹೋದನೋ ಇಲ್ಲವೋ, ಯೇಸುಸ್ವಾಮಿ ಹೇಳಲಿಲ್ಲ.

ನಿಮ್ಮ ತಮ್ಮ ಕುಡಿಯುವುದು ಬೇರೆ ವಿಷಯ, ಅದಕ್ಕೆ ಬೇರೆಯೇ ಕಾಗದ ಬರೆಯಿರಿ. ಅವನ ಬೆಳೆ ನೋಡಿ ಅವನ ಕುಡಿತ ನೆನಪಾಗುವುದಾದರೆ ಅದು ಅವನ ಮೇಲಿನ ಕಾಳಜಿಯಲ್ಲ. ಬೆಳೆ ಕೆಟ್ಟ ವರ್ಷ ನೀವು ಅವನ ಕುಡಿತದ ಬಗ್ಗೆ ಎಷ್ಟು ಸಲ ಪ್ರಾರ್ಥಿಸಿದ್ದಿರಿ?

ಈಗ ಹೂಮಳೆಯ ದಿನ ಹತ್ತಿರ ಬಂತು. ತಮ್ಮನಿಗೆ ಏನಾದರೂ ಉಪಕಾರ ಮಾಡಿ ಅಂತ ಫಾದರ್ ಆಗಿದ್ದರೆ ಹೇಳುತ್ತಿದ್ದರು. ನಾನು ಹಾಗನ್ನುವುದಿಲ್ಲ. ಉಪಕಾರ ಮಾಡುವುದು ನಿಮಗೆ ಸುಲಭ, ಮಾಡಿ ಇನ್ನೂ ಒಂದು ಮೆಟ್ಟಿಲು ಮೇಲೆ ನಿಲ್ತೀರಿ. ನೀವು ಹೋಗಿ ಕೇಳಿ. "ನಿನ್ನದು ಮುಗಿದ ಮೇಲೆ ಇಂಜಿನ್, ಪೈಪು ನಾಲ್ಕು ದಿನ ನನಗೆ ಕೊಡ್ತೀಯಾ? ಡೀಸೆಲ್ ನಾನು ಹಾಕಿಸ್ಕೋತೀನಿ." ಅಂದು ನೀವು ಬೇಡ ಅಂದದ್ದನ್ನು ಅವನು ನೆನಪಿಸಬಹುದು. "ಹೌದು, ಅಂದಿದ್ದೆ" ಅನ್ನಿ. ಕುಡಿದಿಲ್ಲದ ಹೊತ್ತು ನೋಡಿ ಹೋಗಿ, ಬೆಳಿಗ್ಗೆ ಕಾಫಿ ಹೊತ್ತಿಗೆ.

ನಮ್ಮ ಚರ್ಚಿನಲ್ಲಿ ಹಬ್ಬದ ಪೂಜೆ ಕನ್ನಡದಲ್ಲಾ ಕೊಂಕಣಿಯಲ್ಲಾ ಅಂತ ಪ್ರತಿ ವರ್ಷ ಜಗಳ. ತಮಿಳಿನವರು ಒಂದು ಹಾಡು ಕೇಳಿದರೂ ಮುಖ ಗಂಟಿಕ್ಕುತ್ತಾರೆ. ಆದಿ ಸಭೆಯಲ್ಲಿ, ಅಂದರೆ ಮೊದಮೊದಲ ಕ್ರೈಸ್ತರಲ್ಲಿ, ಎಲ್ಲರೂ ಒಂದೇ ಮನಸ್ಸಿನವರಾಗಿದ್ದರು ಅಂತ ನೀವು ಧರ್ಮೋಪದೇಶ ತರಗತಿಯಲ್ಲಿ ಕಲಿಸಿದ್ದಿರಿ. ನಾವು ಯಾಕೆ ಹೀಗೆ?
– ನಿಮ್ಮ ಹಳೆಯ ವಿದ್ಯಾರ್ಥಿ, ಯುವಜನ ಸಂಘ

ಅಲ್ಲಯ್ಯಾ, ಒಂದೇ ಮನಸ್ಸು ಅಂತ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ನಾಲ್ಕನೇ ಅಧ್ಯಾಯದಲ್ಲಿದೆ, ನಿಜ. ಆರನೇ ಅಧ್ಯಾಯ ಹೇಳುವ ದಿನ ನೀನು ತರಗತಿಗೆ ಬಂದಿರಲಿಲ್ಲ ಅಂತ ಕಾಣುತ್ತೆ. ಜೆರುಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವವರು ಗೊಣಗಲು ಶುರು ಮಾಡಿದರು: ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತೀರಿ, ನಿಮ್ಮ ಭಾಷೆಯವರನ್ನು ಮಾತ್ರ ನೋಡುತ್ತೀರಿ ಅಂತ. ಪವಿತ್ರಾತ್ಮ ಇಳಿದು ಬಂದ ಪೆಂತೆಕೋಸ್ತ್ ಆಗಿ ಹೆಚ್ಚು ಕಾಲವಾಗಿರಲಿಲ್ಲ, ಆಗಲೇ ಭಾಷೆ ಜಗಳ!

ಪ್ರೇಷಿತರು "ಗೊಣಗುವುದು ಪಾಪ" ಅಂತ ಬೋಧನೆ ಮಾಡಿ ಕಳಿಸಲಿಲ್ಲ. ದೂರು ನಿಜ ಅಂತ ಒಪ್ಪಿಕೊಂಡು, ಏಳು ಜನರನ್ನು ಆರಿಸಿ ಅಂತ ಸಭೆಗೇ ಹೇಳಿದರು. ಆರಿಸಿ ಬಂದವರ ಹೆಸರು ನೋಡು: ಸ್ತೇಫನ, ಫಿಲಿಪ್ಪ, ನಿಕಾನೋರ, ತಿಮೋನ... ಏಳಕ್ಕೆ ಏಳೂ ಗ್ರೀಕ್ ಹೆಸರು. ಯಾರು ಹಸಿದಿದ್ದರೋ ಅವರ ಕೈಗೇ ಸೌಟು ಕೊಟ್ಟರು. ಅದೇ ಪ್ರೇಷಿತರ ಜಾಣತನ. ಅರ್ಜಿಗೆ ಅರ್ಜಿಯ ಉತ್ತರ ಕೊಟ್ಟರೆ ಉಳಿದ ಕಿಚ್ಚಿಗೆ ಪ್ರಾರ್ಥನೆ ಸಾಕಾಗುತ್ತೆ. ಅರ್ಜಿಗೆ ಪ್ರಾರ್ಥನೆಯನ್ನೇ ಉತ್ತರವಾಗಿ ಕೊಟ್ಟರೆ ಕಿಚ್ಚು ದೊಡ್ಡದಾಗುತ್ತೆ.

ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ 1963ರಲ್ಲಿ ಮೈಸೂರಿನಿಂದ ಬೇರೆಯಾದದ್ದು, ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಇದರೊಳಗೆ. ಶೆಟ್ಟಿಹಳ್ಳಿಯಂಥ ಹಳ್ಳಿಗಳ ಹಳೆಯ ಕನ್ನಡ ಕ್ರೈಸ್ತರಿದ್ದಾರೆ. ಗೊರೂರಿನ ಹೇಮಾವತಿ ಹಿನ್ನೀರಿಗೆ ತಮ್ಮ ಚರ್ಚನ್ನೇ ಬಿಟ್ಟು ಎದ್ದು ಬಂದವರು ಅವರು. ಘಟ್ಟ ಹತ್ತಿ ಬಂದ ಕೊಂಕಣಿಯವರಿದ್ದಾರೆ. ಎಸ್ಟೇಟ್ ಲೈನುಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಬಂದ ತಮಿಳರಿದ್ದಾರೆ. ಬೇರೆ ಕಡೆಯಿಂದ ಬರದವರನ್ನು ಹುಡುಕಿದರೆ ಎಷ್ಟು ಜನ ಸಿಕ್ಕಾರು? ನೀವು ಯುವಜನ ಸಂಘದವರು ಮುಂದಿನ ಹಬ್ಬಕ್ಕೆ ಊಟದ ಸಮಿತಿಯನ್ನು ಲೈನಿನವರಿಗೆ ಒಪ್ಪಿಸಿ ನೋಡಿ. ಬಡಿಸಲು ಅವರನ್ನು ನಿಲ್ಲಿಸಿ ಅಂದದ್ದಲ್ಲ, ಸಮಿತಿಯನ್ನೇ ಒಪ್ಪಿಸಿ, ದುಡ್ಡಿನ ಲೆಕ್ಕದ ಪುಸ್ತಕದ ಸಮೇತ. ಹಾಡಿನ ಜಗಳ ಅಲ್ಲಿಂದಾಚೆಗೆ ಎಷ್ಟು ಉಳಿಯುತ್ತೆ ಅಂತ ನನಗೆ ಬರೆದು ತಿಳಿಸು.

ನನ್ನ ಕಷ್ಟ ಉಲ್ಟಾ, ಟೀಚರ್. ಮಗಳು ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋದಳು. ಅಂದಿನಿಂದ ಚರ್ಚಿನ ನಮ್ಮ ವಾರ್ಡಿನವರು ಸರಿಯಾಗಿ ಮಾತಾಡುತ್ತಿಲ್ಲ. ಅಕ್ಟೋಬರಿನಲ್ಲಿ ಮನೆಮನೆಯ ಜಪಸರ ಪ್ರಾರ್ಥನೆ ನಮ್ಮ ಮನೆಗೆ ಬಂದ ದಿನ ನಾಲ್ಕೇ ಜನ. ಪಕ್ಕದ ಮನೆಯವರ ಮಗ ಐಟಿಐ ಮಾಡಿ ಮನೆಯಲ್ಲೇ ಇದ್ದಾನೆ, ಅವರಂತೂ ಬಾಗಿಲೇ ತೆರೆಯಲಿಲ್ಲ. ಅವರ ಹೊಟ್ಟೆಕಿಚ್ಚಿಗೆ ನಾನೇನು ಮಾಡಲಿ?
– ಚಿಕ್ಕಮಗಳೂರಿನ ತಾಯಿ

ಮಗಳಿಗೆ ಒಳ್ಳೆಯದಾಗಲಿ. ಸಂತೋಷಪಟ್ಟದ್ದಕ್ಕೆ ನೀವು ಯಾರ ಹತ್ತಿರವೂ ಕ್ಷಮೆ ಕೇಳಬೇಕಿಲ್ಲ.

ಆದರೆ ಇಲ್ಲಿ ಅಚ್ಚು ಹಾಕದ ನಿಮ್ಮ ಪೂರ್ತಿ ಕಾಗದ ನನ್ನ ಮುಂದಿದೆ. ಅದರಲ್ಲಿ 'ಜರ್ಮನಿ' ಅಂತ ಒಂಬತ್ತು ಸಲ ಬಂದಿದೆ, ಅಲ್ಲಿನ ಸಂಬಳವನ್ನು ರೂಪಾಯಿಗೆ ತಿರುಗಿಸಿಯೂ ಬರೆದಿದ್ದೀರಿ. ಯಾಕೋಬನ ಮಗ ಯೋಸೇಫನನ್ನು ಅಣ್ಣಂದಿರು ಗುಲಾಮನಾಗಿ ಮಾರಿದ್ದು ಘೋರ ಅನ್ಯಾಯ, ಎರಡು ಮಾತಿಲ್ಲ. ಆದರೂ ಆದಿಕಾಂಡ ಓದುವಾಗಲೆಲ್ಲ ನನಗೆ ಅನ್ನಿಸುತ್ತೆ, ನೀವೆಲ್ಲ ನನಗೆ ಅಡ್ಡಬೀಳ್ತೀರಿ ಅನ್ನುವ ಮೊದಲ ಕನಸು ಕೇಳಿ ಅಣ್ಣಂದಿರ ಮುಖ ಕೆಂಪಾದದ್ದು ನೋಡಿದ ಮೇಲೆ ಎರಡನೇ ಕನಸನ್ನು ಆ ಹುಡುಗ ಹೇಳದೆ ಇರಬಹುದಿತ್ತು.

ವಾರ್ಡಿನವರೆಲ್ಲರ ಹೊಟ್ಟೆಕಿಚ್ಚಿಗೂ ನೀವು ಜವಾಬ್ದಾರರಲ್ಲ, ಕೆಲವರದು ಏನು ಮಾಡಿದರೂ ಇಳಿಯುವುದಿಲ್ಲ. ಪಕ್ಕದ ಮನೆಯವರದು ಮಾತ್ರ ನನಗೆ ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ ಸಂಕಟದ ಹಾಗೆ ಕಾಣುತ್ತೆ. ಮಗ ಮನೆಯಲ್ಲೇ ಕೂತಿರುವಾಗ ಬೇಲಿಯಾಚೆಯಿಂದ ವಿಡಿಯೋ ಕಾಲಿನ ನಗು ಕೇಳುತ್ತಿದ್ದರೆ ಯಾರಿಗಾದರೂ ಬಾಗಿಲು ತೆರೆಯಲು ಕಷ್ಟ. ಶುಕ್ರವಾರ ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆಗೆ ಹೋಗುವಾಗ ಅವರನ್ನು ಕರೆದುಕೊಂಡು ಹೋಗಿ. ದಾರಿಯಲ್ಲಿ ಹುಡುಗನ ವಿಷಯ ಕೇಳಿ: ಯಾವ ಟ್ರೇಡು, ಎಲ್ಲೆಲ್ಲಿ ಅರ್ಜಿ ಹಾಕಿದ್ದಾನೆ, ಏನಂತೆ. ಕೇಳಿ ಸುಮ್ಮನಿರಿ. "ಜರ್ಮನಿಯಲ್ಲಿ ಇಂಥವರಿಗೆ ಬಹಳ ಬೇಡಿಕೆ ಇದೆಯಂತೆ" ಅಂತ ನಾಲಗೆ ತುದಿಗೆ ಬರುತ್ತೆ, ಅವರಾಗಿ ಕೇಳುವವರೆಗೆ ನುಂಗಿಕೊಳ್ಳಿ. ಕೇಳಿದ ದಿನ ಮಗಳಿಗೆ ಫೋನ್ ಹಚ್ಚಿ ಹುಡುಗನ ಕೈಗೇ ಕೊಟ್ಟು ನೀವು ಅಡುಗೆಮನೆಗೆ ಹೋಗಿ. ಮತ್ತೆ, ಮಗಳು ಕಳಿಸಿದ ಚಾಕೊಲೇಟ್ ಡಬ್ಬಿಯನ್ನು ಸದ್ಯಕ್ಕೆ ಆ ಮನೆಗೆ ಒಯ್ಯಬೇಡಿ.